ಮಾತ್ರೆ ಹೊಟ್ಟೆಗೆ ಹೋದರೆ ಸಾಕೇ, ಮೈಗೆ ಹತ್ತಬೇಡವೇ?

ಪ್ರಶ್ನೆ: ನಾನು ಚಳ್ಳಕೆರೆ ತಾಲ್ಲೂಕಿನವನು. ಶಾಲಾ ಮಾಸ್ತರನಾಗಿ ನಿವೃತ್ತನಾಗಿದ್ದೇನೆ. ವಯಸ್ಸು 68. ಬಿ.ಪಿ.ಗೂ ಸಕ್ಕರೆ ಕಾಯಿಲೆಗೂ ಮಾತ್ರೆ ನಡೆದಿದೆ. ಹೃದಯದ ವಾಲ್ವ್ ಬದಲಿಸಿರುವುದರಿಂದ ರಕ್ತ ಹೆಪ್ಪುಗಟ್ಟದಿರಲಿ ಎಂದು ಕೊಡುವ ವಾರ್ಫರಿನ್ ಕೂಡ ಇದೆ. ಅಮೆರಿಕದಲ್ಲಿರುವ ಮಗ, ವಯಸ್ಸಾದವರಿಗೆ ಒಳ್ಳೆಯದು ಎಂದು ಈರುಳ್ಳಿಯಲ್ಲಿ ಸಿಗುವ ಕ್ವೆರ್ಸೆಟಿನ್ ಎಂಬ ಸತ್ವದ 500 ಮಿಲಿಗ್ರಾಂ ಕ್ಯಾಪ್ಸೂಲ್ ಕಳಿಸಿದ್ದಾನೆ. ಎರಡು ತಿಂಗಳಿಂದ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಟೀ ಜೊತೆ ತೆಗೆದುಕೊಳ್ಳುತ್ತಿದ್ದೇನೆ. ಸುಮ್ನೆ ಹೀಗೆ ನುಂಗಿದರೆ ಮೈಗೆ ಹತ್ತುವುದಿಲ್ಲ, ಕಾಳುಮೆಣಸಿನ ಸತ್ವದ ಮಾತ್ರೆಯನ್ನೂ ಸೇರಿಸಬೇಕು ಎಂದು ಒಂದು ವಿಡಿಯೋದಲ್ಲಿ ಹೇಳಿದರು. ನಿಜವೇ? ನನ್ನ ಮನೆಯವರಿಗೂ ಕೊಡಬಹುದೇ? ಅವರಿಗೆ ಥೈರಾಯ್ಡ್ ಮಾತ್ರೆ ಇದೆ. ರಕ್ತ ಕಡಿಮೆ ಎಂದು ಕಬ್ಬಿಣದ ಮಾತ್ರೆಯನ್ನೂ ಕೊಟ್ಟಿದ್ದಾರೆ.

ಉತ್ತರ: ಮೇಷ್ಟ್ರೇ, ನಮಸ್ಕಾರ. ದಾವಣಗೆರೆಯಲ್ಲಿ ಔಷಧಶಾಸ್ತ್ರದ ಪಾಠ ಮಾಡುತ್ತಾ ವರ್ಷಗಳು ಕಳೆದಿವೆ. ಇಂಥ ಡಬ್ಬಿ ಹಿಡಿದು ಬಂದವರು ಬಹಳ ಮಂದಿ. ಬೆಲೆ ಕೇಳುತ್ತಾರೆ, ಕಂಪನಿ ಕೇಳುತ್ತಾರೆ. ಮೈಗೆ ಹತ್ತುತ್ತದೆಯೇ ಎಂದು ಕೇಳುವವರು ಅಪರೂಪ. ನೀವು ಕೇಳಿದ್ದೀರಿ, ಅದಕ್ಕೇ ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ಆದರೆ ನಿಮ್ಮ ಪತ್ರ ಓದುವಾಗ ವಾರ್ಫರಿನ್ ಎಂಬ ಪದದ ಹತ್ತಿರ ನನ್ನ ಕಣ್ಣು ನಿಂತುಬಿಟ್ಟಿತು. ಮೊದಲು ಅದನ್ನು ಮುಗಿಸೋಣ.

ವಾರ್ಫರಿನ್ ಬಹಳ ಸೂಕ್ಷ್ಮವಾದ ಔಷಧಿ. ಸ್ವಲ್ಪ ಜಾಸ್ತಿಯಾದರೆ ರಕ್ತಸ್ರಾವ, ಕಡಿಮೆಯಾದರೆ ವಾಲ್ವ್ ಮೇಲೆ ರಕ್ತ ಹೆಪ್ಪುಗಟ್ಟುವ ಅಪಾಯ. ಅದಕ್ಕೇ ಆಗಾಗ, ರಕ್ತ ಹೆಪ್ಪುಗಟ್ಟಲು ಎಷ್ಟು ಹೊತ್ತು ಹಿಡಿಯುತ್ತದೆ ಎಂದು ಅಳೆಯುವ ಐಎನ್‌ಆರ್ ಪರೀಕ್ಷೆ ಮಾಡಿಸಿ ಡೋಸ್ ಹೊಂದಿಸುತ್ತಾರೆ. ರಕ್ತದಲ್ಲಿ ವಾರ್ಫರಿನ್ನಿನ ಬಹುಪಾಲು ಆಲ್ಬುಮಿನ್ ಎಂಬ ಪ್ರೋಟೀನಿಗೆ ಅಂಟಿಕೊಂಡು ಕೂತಿರುತ್ತದೆ. ಕ್ವೆರ್ಸೆಟಿನ್ ಕೂಡ ಅದೇ ಪ್ರೋಟೀನಿನ ಅದೇ ಜಾಗಕ್ಕೆ ಅಂಟುತ್ತದೆ. ವಾರ್ಫರಿನ್ ಅನ್ನು ಕರಗಿಸಿ ಹೊರಹಾಕುವ ಲಿವರ್‌ನ ಕಿಣ್ವವನ್ನೂ ಪ್ರಯೋಗಾಲಯದಲ್ಲಿ ಅದು ತಡೆದದ್ದು ಕಂಡಿದೆ. ಹೀಗಿರುವಾಗ ಡಾಕ್ಟರಿಗೆ ತಿಳಿಸದೆ ಈ ಎರಡನ್ನೂ ಒಟ್ಟಿಗೆ ತೆಗೆದುಕೊಳ್ಳುವುದು ಸರಿಯಲ್ಲ.

ಇವತ್ತೇ ನಿಮ್ಮ ಹೃದಯದ ಡಾಕ್ಟರಿಗೆ ಫೋನ್ ಮಾಡಿ. ಎರಡು ತಿಂಗಳಿಂದ ತೆಗೆದುಕೊಳ್ಳುತ್ತಿದ್ದೇನೆ ಎಂದು ಮುಚ್ಚಿಡದೆ ಹೇಳಿ. ಅವರಿಗೆ ಹೇಳದೆ ಸದ್ದಿಲ್ಲದೆ ನಿಲ್ಲಿಸಿಬಿಡುವುದೂ ಬೇಡ. ಈ ಎರಡು ತಿಂಗಳಲ್ಲಿ ನಿಮ್ಮ ವಾರ್ಫರಿನ್ ಡೋಸ್ ಬದಲಿಸಿದ್ದರೆ, ಅದು ಈ ಕ್ಯಾಪ್ಸೂಲ್ ಹೊಟ್ಟೆಯಲ್ಲಿರುವಾಗ ಹೊಂದಿಸಿದ ಡೋಸ್. ಕ್ಯಾಪ್ಸೂಲ್ ನಿಂತ ಮೇಲೆ ಇನ್ನೊಮ್ಮೆ ಐಎನ್‌ಆರ್ ನೋಡಬೇಕಾಗುತ್ತದೆ. ವಸಡಿನಲ್ಲಿ ರಕ್ತ, ಕಪ್ಪು ಮಲ, ಕಾರಣವಿಲ್ಲದೆ ಮೈಮೇಲೆ ನೀಲಿ ಕಲೆ ಇವುಗಳಲ್ಲಿ ಯಾವುದು ಕಂಡರೂ ಫೋನಿಗೆ ಕಾಯದೆ ನೇರ ಆಸ್ಪತ್ರೆಗೆ ಹೋಗಿ. ನನ್ನನ್ನು ಕೇಳಿದರೆ, ನಿಮಗೆ ಈ ಕ್ಯಾಪ್ಸೂಲ್ ಬೇಡ.

ಮಗ ಪ್ರೀತಿಯಿಂದ ಕಳಿಸಿದ್ದು, ಬೇಡ ಎನ್ನುವುದು ಹೇಗೆ ಎಂದು ನಿಮಗೆ ಅನಿಸಬಹುದು. ಅವನಿಗೂ ಈ ಉತ್ತರ ಓದಿ ಹೇಳಿ. ಅಪ್ಪ ಯಾವ ಮಾತ್ರೆ ತೆಗೆದುಕೊಳ್ಳುತ್ತಾರೆ ಎಂಬ ಪಟ್ಟಿ ಅವನ ಹತ್ತಿರವೂ ಇರಲಿ.

ಇನ್ನು ಮೈಗೆ ಹತ್ತುವ ವಿಚಾರ. ವಾರ್ಫರಿನ್ ಇಲ್ಲದ ಎಷ್ಟೋ ಓದುಗರೂ ಇದನ್ನೇ ಕೇಳುತ್ತಾರೆ. ಅವರಿಗೂ ಸೇರಿಸಿಯೇ ಹೇಳುತ್ತೇನೆ.

ಕ್ವೆರ್ಸೆಟಿನ್ ಒಂದು ಫ್ಲೇವನಾಯ್ಡ್. ಫ್ಲೇವನಾಯ್ಡ್ ಎಂದರೆ ಗಿಡಗಳು ಬಿಸಿಲು, ಹುಳು, ರೋಗಗಳಿಂದ ತಮ್ಮನ್ನು ಕಾಪಾಡಿಕೊಳ್ಳಲು ಮಾಡಿಕೊಳ್ಳುವ ವಸ್ತುಗಳ ಒಂದು ದೊಡ್ಡ ಕುಟುಂಬ. ಈರುಳ್ಳಿಯ ಕ್ವೆರ್ಸೆಟಿನ್, ಟೀ ಎಲೆಯ ಕ್ಯಾಟೆಚಿನ್, ಕಿತ್ತಳೆಯ ಹೆಸ್ಪೆರಿಡಿನ್, ನೇರಳೆ ಹಣ್ಣಿನ ಬಣ್ಣ, ಸೋಯಾದ ಐಸೋಫ್ಲೇವೋನ್ ಎಲ್ಲವೂ ಈ ಕುಟುಂಬದವೇ. ಅರಿಶಿನದ ಕರ್ಕ್ಯುಮಿನ್ ಈ ಕುಟುಂಬಕ್ಕೆ ಸೇರುವುದಿಲ್ಲ, ಆದರೆ ಹತ್ತಿರದ ನೆಂಟ. ಎಲ್ಲಕ್ಕೂ ಒಂದೇ ಕಷ್ಟ. ನುಂಗಿದ್ದೆಲ್ಲ ರಕ್ತಕ್ಕೆ ಸೇರುವುದಿಲ್ಲ.

ಕ್ವೆರ್ಸೆಟಿನ್ ಪುಡಿಯನ್ನು ಒಂದು ಲೋಟ ನೀರಿಗೆ ಹಾಕಿ ಕಲಕಿ ನೋಡಿ. ಹಳದಿ ಪುಡಿ ಹಾಗೇ ತೇಲುತ್ತದೆ, ಇಲ್ಲವೇ ತಳಕ್ಕೆ ಕೂರುತ್ತದೆ. ನೀರಿನಲ್ಲಿ ಕರಗುವುದೇ ಇಲ್ಲ ಎನ್ನಬಹುದು. ಕರುಳಿನ ಒಳಗೂ ಅಷ್ಟೇ. ಕರಗದ್ದು ಕರುಳಿನ ಗೋಡೆ ದಾಟುವುದು ಹೇಗೆ? ಆದರೆ ಈರುಳ್ಳಿಯ ಒಳಗೆ ಕ್ವೆರ್ಸೆಟಿನ್ ಒಂಟಿಯಾಗಿರುವುದಿಲ್ಲ. ಗ್ಲೂಕೋಸ್ ಸಕ್ಕರೆಯ ಜೊತೆ ಸೇರಿಕೊಂಡಿರುತ್ತದೆ. ಸಣ್ಣ ಕರುಳಿನ ಗೋಡೆಯ ಮೇಲಿರುವ ಒಂದು ಕಿಣ್ವ ಆ ಸಕ್ಕರೆಯನ್ನು ಅಲ್ಲೇ ಕತ್ತರಿಸುತ್ತದೆ. ಹಾಲಿನ ಸಕ್ಕರೆಯನ್ನು ಅರಗಿಸುವ ಲ್ಯಾಕ್ಟೇಸ್ ಕಿಣ್ವವೇ ಇದು. ಗೋಡೆಗೆ ಅಂಟಿದ ಜಾಗದಲ್ಲೇ ಬಿಡುಗಡೆಯಾದ ಕ್ವೆರ್ಸೆಟಿನ್ ಸಲೀಸಾಗಿ ಒಳಗೆ ಜಾರುತ್ತದೆ.

ಇದನ್ನು ಮೊದಲು ಸರಿಯಾಗಿ ಅಳೆದವರು ನೆದರ್ಲೆಂಡ್ಸ್‌ನ ಪೀಟರ್ ಹಾಲ್ಮನ್ ಮತ್ತು ಅವರ ಸಂಗಡಿಗರು, 1995ರಲ್ಲಿ. ದೊಡ್ಡ ಕರುಳನ್ನು ತೆಗೆಸಿಕೊಂಡಿದ್ದ 9 ಜನರ ಮೇಲೆ ಪ್ರಯೋಗ ಮಾಡಿದರು. ದೊಡ್ಡ ಕರುಳಿನ ಬ್ಯಾಕ್ಟೀರಿಯಾ ಲೆಕ್ಕ ಕೆಡಿಸಬಾರದು ಎಂಬುದು ಕಾರಣ. ಈರುಳ್ಳಿ ತಿಂದಾಗ ಅದರಲ್ಲಿದ್ದ ಕ್ವೆರ್ಸೆಟಿನ್‌ನ ಶೇ. 52 ಭಾಗ ಹೀರಿಕೆಯಾಗಿತ್ತು. ಶುದ್ಧ ಕ್ವೆರ್ಸೆಟಿನ್ ಕೊಟ್ಟಾಗ ಶೇ. 24 ಮಾತ್ರ. ರೂಟಿನ್ ಎಂಬ ಇನ್ನೊಂದು ರೂಪ ಕೊಟ್ಟಾಗ ಶೇ. 17. ಇಷ್ಟು ಓದಿದಾಗಲೆಲ್ಲ ನನಗೆ ನಿಮ್ಮ ಜಿಲ್ಲೆಯ ಮಳೆಗಾಲದ ಈರುಳ್ಳಿ ಹೊಲಗಳು ನೆನಪಾಗುತ್ತವೆ. ಬೆಲೆ ಬಿದ್ದ ವರ್ಷ ರೈತ ಅದನ್ನು ಹೊಲದಲ್ಲೇ ಬಿಟ್ಟು ಬರುತ್ತಾನೆ. ನಾವು ಅದರ ಸತ್ವವನ್ನು ಡಾಲರ್ ಕೊಟ್ಟು ಡಬ್ಬಿಯಲ್ಲಿ ತರಿಸಿಕೊಳ್ಳುತ್ತೇವೆ. ಇದು ನನಗೆ ನಿಜವಾಗಿಯೂ ಸಂಕಟದ ವಿಷಯ.

ರೂಟಿನ್ ಬಗ್ಗೆ ಒಂದು ಮಾತು. ಅದರಲ್ಲಿ ಕ್ವೆರ್ಸೆಟಿನ್ ಬೇರೆ ಬಗೆಯ ಜೋಡಿ ಸಕ್ಕರೆಗೆ ಅಂಟಿರುತ್ತದೆ. ಸಣ್ಣ ಕರುಳಿನ ಕಿಣ್ವಕ್ಕೆ ಅದನ್ನು ಕತ್ತರಿಸಲು ಬರುವುದಿಲ್ಲ. ಅದು ದೊಡ್ಡ ಕರುಳಿನವರೆಗೂ ಹೋಗಿ ಬ್ಯಾಕ್ಟೀರಿಯಾಗಳ ಕೈಗೆ ಸಿಕ್ಕ ಮೇಲೆಯೇ ಬಿಚ್ಚಿಕೊಳ್ಳುತ್ತದೆ. ಅದಕ್ಕೇ ಈರುಳ್ಳಿ ತಿಂದರೆ ಒಂದು ಗಂಟೆಯೊಳಗೆ ರಕ್ತದಲ್ಲಿ ಮಟ್ಟ ಏರುತ್ತದೆ, ರೂಟಿನ್ ನುಂಗಿದರೆ ಸುಮಾರು 9 ಗಂಟೆ ಹಿಡಿಯುತ್ತದೆ. ಡಬ್ಬಿಯ ಮೇಲೆ ಯಾವ ರೂಪ ಎಂದು ನೋಡಬೇಕು ಎನ್ನುವುದು ಇದಕ್ಕೇ.

ಒಳಗೆ ಹೋದ ಮೇಲೂ ಕತೆ ಮುಗಿಯುವುದಿಲ್ಲ. ಕರುಳಿನ ಗೋಡೆ ಮತ್ತು ಲಿವರ್ ಸೇರಿ ಕ್ವೆರ್ಸೆಟಿನ್‌ಗೆ ಬೇರೆ ಸಣ್ಣ ಅಣುಗಳನ್ನು ಬಾಲದಂತೆ ಅಂಟಿಸುತ್ತವೆ. ಮೂತ್ರದಲ್ಲಿ, ಪಿತ್ತದಲ್ಲಿ ಹೊರಗೆ ಹಾಕಲು ಸುಲಭವಾಗಲಿ ಎಂದು. ರಕ್ತದಲ್ಲಿ ಓಡಾಡುವುದು ಬಹುತೇಕ ಈ ಬಾಲ ಅಂಟಿದ ಕ್ವೆರ್ಸೆಟಿನ್. ಪ್ರಯೋಗಾಲಯದ ತಟ್ಟೆಯಲ್ಲಿ ಶುದ್ಧ ಕ್ವೆರ್ಸೆಟಿನ್ ಸುರಿದು ಜೀವಕೋಶಗಳ ಮೇಲೆ ಕಂಡ ಫಲವನ್ನು ವಿಡಿಯೋಗಳಲ್ಲಿ ಹೇಳುತ್ತಾರಲ್ಲ, ಆ ಶುದ್ಧ ರೂಪ ನಮ್ಮ ರಕ್ತದಲ್ಲಿ ಹೆಚ್ಚುಕಡಿಮೆ ಇರುವುದೇ ಇಲ್ಲ. ಈ ಒಂದು ಸಂಗತಿ ಗೊತ್ತಿದ್ದರೆ ಅರ್ಧ ಜಾಹೀರಾತುಗಳ ಬಣ್ಣ ತಾನೇ ಕಳಚುತ್ತದೆ.

ಈಗ ಕಾಳುಮೆಣಸಿಗೆ ಬರೋಣ. ಈ ಮಾತು ಹುಟ್ಟಿದ್ದು ನಮ್ಮ ಬೆಂಗಳೂರಿನಲ್ಲೇ. 1998ರಲ್ಲಿ ಸೇಂಟ್ ಜಾನ್ಸ್ ಮೆಡಿಕಲ್ ಕಾಲೇಜಿನ ಸಂಶೋಧಕರು 2 ಗ್ರಾಂ ಕರ್ಕ್ಯುಮಿನ್ ಜೊತೆ 20 ಮಿಲಿಗ್ರಾಂ ಪೈಪರಿನ್ ಕೊಟ್ಟು ನೋಡಿದರು. ಪೈಪರಿನ್ ಎಂದರೆ ಕಾಳುಮೆಣಸಿನ ಖಾರದ ಸತ್ವ. ರಕ್ತಕ್ಕೆ ಸೇರುವ ಕರ್ಕ್ಯುಮಿನ್ ಶೇ. 2000ದಷ್ಟು ಹೆಚ್ಚಾಯಿತು. ಈ ಸಂಖ್ಯೆ ಪ್ರಪಂಚವೆಲ್ಲ ಸುತ್ತಿತು. ಆದರೆ ಎರಡು ಸಂಗತಿ ಸಾಮಾನ್ಯವಾಗಿ ಹೇಳುವುದಿಲ್ಲ. ಕರ್ಕ್ಯುಮಿನ್ ಒಂದನ್ನೇ ಕೊಟ್ಟಾಗ ರಕ್ತದಲ್ಲಿ ಅದು ಸಿಕ್ಕಿದ್ದೇ ಅತ್ಯಲ್ಪ. ಅತ್ಯಲ್ಪದ ಇಪ್ಪತ್ತು ಪಟ್ಟು ಎಂದರೂ ದೊಡ್ಡ ಪ್ರಮಾಣವಲ್ಲ. ಇನ್ನೊಂದು, ಅದು ಕರ್ಕ್ಯುಮಿನ್ ಮೇಲೆ ಮಾಡಿದ ಪ್ರಯೋಗ. ಆ ಸಂಖ್ಯೆಯನ್ನು ಹಾಗೇ ಎತ್ತಿ ಕ್ವೆರ್ಸೆಟಿನ್ ಡಬ್ಬಿಯ ಮೇಲೆ ಅಂಟಿಸುವುದು ತಪ್ಪು.

ಪೈಪರಿನ್ ಕೆಲಸ ಮಾಡುವ ಬಗೆ ನೋಡಿ. ಬಾಲ ಅಂಟಿಸುವ ಲಿವರ್‌ನ ಕೆಲಸವನ್ನೇ ಅದು ಸ್ವಲ್ಪ ಹೊತ್ತು ತಡೆಯುತ್ತದೆ. ಬಾಗಿಲು ಕಾಯುವವನ ಕೈ ಹಿಡಿದಂತೆ. ಆಗ ಒಳಗೆ ನುಗ್ಗುವುದು ಕರ್ಕ್ಯುಮಿನ್ ಮಾತ್ರವೇ? ಬೇರೆ ಔಷಧಿಗಳೂ ನುಗ್ಗುತ್ತವೆ. ಮೂರ್ಛೆ ರೋಗದ ಫೆನಿಟಾಯ್ನ್, ಬಿ.ಪಿ. ಮತ್ತು ಎದೆಬಡಿತಕ್ಕೆ ಕೊಡುವ ಪ್ರೊಪ್ರನಲಾಲ್, ಉಬ್ಬಸದ ಥಿಯೋಫಿಲಿನ್ ಇವುಗಳ ಮಟ್ಟ ಪೈಪರಿನ್‌ನಿಂದ ರಕ್ತದಲ್ಲಿ ಏರಿದ್ದನ್ನು ಮನುಷ್ಯರಲ್ಲೇ ಅಳೆದು ನೋಡಿದ್ದಾರೆ. 68ರ ವಯಸ್ಸಿನಲ್ಲಿ ಮೂರು ನಾಲ್ಕು ಮಾತ್ರೆ ನುಂಗುವವರಿಗೆ ಇದು ಸಣ್ಣ ವಿಷಯವಲ್ಲ. ಮೆಣಸಿನ ಸತ್ವ ಸೇರಿಸಿದ ಅರಿಶಿನದ ಕ್ಯಾಪ್ಸೂಲ್ ತಿಂದು ಲಿವರ್‌ಗೆ ಪೆಟ್ಟು ಬಿದ್ದ ಪ್ರಕರಣಗಳು ಅಮೆರಿಕದಲ್ಲೂ ಇಟಲಿಯಲ್ಲೂ ವರದಿಯಾಗಿವೆ. ಜಾಸ್ತಿ ಹೀರಿಕೆಯಾದರೆ ಜಾಸ್ತಿ ಒಳ್ಳೆಯದು ಎಂಬ ಲೆಕ್ಕ ಇಲ್ಲಿ ತಪ್ಪುತ್ತದೆ.

ಹಾಗಂತ ಮೆಣಸಿನ ಸಾರು ಬಿಡಬೇಡಿ. ಒಂದು ಪಾತ್ರೆ ಸಾರಿಗೆ ಹಾಕಿದ ಮೆಣಸು ಮನೆಮಂದಿಗೆಲ್ಲ ಹಂಚಿಹೋಗುತ್ತದೆ, ಅದೂ ಊಟದ ಜೊತೆ. ನಾನು ಹೇಳುತ್ತಿರುವುದು ದಿನಾ ಬೆಳಿಗ್ಗೆ ನುಂಗುವ ಸತ್ವದ ಮಾತ್ರೆಯ ಬಗ್ಗೆ.

ಖಾಲಿ ಹೊಟ್ಟೆಯಲ್ಲಿ ತೆಗೆದುಕೊಳ್ಳುತ್ತೇನೆ ಎಂದಿರಿ. ಕ್ವೆರ್ಸೆಟಿನ್ ವಿಷಯದಲ್ಲಿ ಸರಿಯಲ್ಲ. 2013ರಲ್ಲಿ ಬಂದ ಒಂದು ಅಧ್ಯಯನದಲ್ಲಿ ಬೆಳಗಿನ ತಿಂಡಿಯ ಜೊತೆ ಕ್ವೆರ್ಸೆಟಿನ್ ಕೊಟ್ಟರು. ತಿಂಡಿಯಲ್ಲಿ ಕೊಬ್ಬೇ ಇಲ್ಲದಾಗ ಬಂದದ್ದಕ್ಕಿಂತ, ಸುಮಾರು 15 ಗ್ರಾಂ ಕೊಬ್ಬು ಇದ್ದಾಗ ರಕ್ತದ ಗರಿಷ್ಠ ಮಟ್ಟ ಶೇ. 45ರಷ್ಟು ಹೆಚ್ಚಾಗಿತ್ತು. ಕೊಬ್ಬು ಬಂದಾಗ ಪಿತ್ತರಸ ಸುರಿಯುತ್ತದೆ, ಸಣ್ಣ ಸಣ್ಣ ಹನಿಗಳಾಗುತ್ತವೆ, ಕರಗದ ಕ್ವೆರ್ಸೆಟಿನ್ ಆ ಹನಿಗಳ ಒಳಗೆ ಸೇರಿ ಗೋಡೆಯ ಹತ್ತಿರ ಹೋಗುತ್ತದೆ. 15 ಗ್ರಾಂ ಕೊಬ್ಬು ಎಂದರೆ ಎಷ್ಟು? ಒಂದು ದೊಡ್ಡ ಚಮಚ ಎಣ್ಣೆ, ಅಥವಾ ಒಂದು ಹಿಡಿ ಶೇಂಗಾ. ಎಣ್ಣೆ ಗಾಣಗಳ ಊರಾದ ಚಳ್ಳಕೆರೆಯವರಿಗೆ ಇದನ್ನು ನಾನು ಹೇಳಿಕೊಡಬೇಕಿಲ್ಲ.

ಜೋಳದ ರೊಟ್ಟಿ, ಶೇಂಗಾ ಚಟ್ನಿ, ಪಕ್ಕದಲ್ಲಿ ಹೆಚ್ಚಿದ ಹಸಿ ಈರುಳ್ಳಿ. ನಮ್ಮ ಮನೆಯಲ್ಲಿ ಉಳ್ಳಾಗಡ್ಡಿ ಅನ್ನುತ್ತೇವೆ, ಹೆಸರು ಯಾವುದಾದರೇನು. ಸಕ್ಕರೆ ಅಂಟಿದ ಕ್ವೆರ್ಸೆಟಿನ್ ಇಲ್ಲೇ ಇದೆ, ಬೇಕಾದಷ್ಟು ಕೊಬ್ಬು ಇಲ್ಲೇ ಇದೆ, ದೊಡ್ಡ ಕರುಳಿನ ಬ್ಯಾಕ್ಟೀರಿಯಾಕ್ಕೆ ಬೇಕಾದ ನಾರೂ ಇಲ್ಲೇ ಇದೆ. ನಮ್ಮ ದಾವಣಗೆರೆಯ ಒಗ್ಗರಣೆ ಮಂಡಕ್ಕಿಗೂ ಮೇಲೆ ಹಸಿ ಈರುಳ್ಳಿ ಉದುರಿಸುತ್ತಾರೆ. ಆದರೆ ಅದರ ಜೊತೆ ಮಿರ್ಚಿ ಬಜ್ಜಿ ಬಂದೇ ಬರುತ್ತದಲ್ಲ, ಬಿ.ಪಿ., ಶುಗರ್ ಇರುವವರಿಗೆ ಅದನ್ನು ನಾನು ಶಿಫಾರಸು ಮಾಡಲಾರೆ. ಕ್ಯಾಪ್ಸೂಲ್ ಹೀರಿಕೆಯಾಗಲಿ ಎಂದು ಹೊಸದಾಗಿ ಎಣ್ಣೆ ಸುರಿದುಕೊಳ್ಳುವುದೂ ಬೇಡ. ಊಟದಲ್ಲಿ ಇರುವ ಎಣ್ಣೆಯೇ ಸಾಕು.

ಈರುಳ್ಳಿಯ ವಿಷಯ ಬಂದಿರುವುದರಿಂದ ಅಡುಗೆಮನೆಯ ಒಂದೆರಡು ಮಾತು. ಕ್ವೆರ್ಸೆಟಿನ್ ಜಾಸ್ತಿ ಇರುವುದು ಹೊರಗಿನ ಪದರಗಳಲ್ಲಿ. ಒಣ ಸಿಪ್ಪೆ ತೆಗೆದ ಮೇಲೆ ಚಂದ ಕಾಣಲಿ ಎಂದು ಇನ್ನೂ ಎರಡು ಪದರ ಕಿತ್ತೆಸೆದರೆ ಒಳ್ಳೆಯ ಪಾಲೇ ಹೋಯಿತು. ಬಿಳಿ ಈರುಳ್ಳಿಗಿಂತ ಕೆಂಪಿನಲ್ಲಿ ಹೆಚ್ಚು. 100 ಗ್ರಾಂ ಕೆಂಪು ಈರುಳ್ಳಿಯಲ್ಲಿ ಸುಮಾರು 30ರಿಂದ 40 ಮಿಲಿಗ್ರಾಂ ಸಿಗುತ್ತದೆ. ಬೇಯಿಸಿದರೆ ಸ್ವಲ್ಪ ಪಾಲು ನೀರಿಗೆ ಇಳಿಯುತ್ತದೆ, ಆ ನೀರನ್ನು ಚೆಲ್ಲದೆ ಸಾರಿಗೆ ಹಾಕಿದರೆ ನಷ್ಟವಿಲ್ಲ. ಕಪ್ಪಗೆ ಬೂಷ್ಟು ಹಿಡಿದ ಸಿಪ್ಪೆಯನ್ನು ಕುದಿಸಿ ಕಷಾಯ ಮಾಡಿ ಕುಡಿಯುವುದು ಮಾತ್ರ ಬೇಡ.

ಕ್ಯಾಪ್ಸೂಲ್‌ನಲ್ಲಿ 500 ಮಿಲಿಗ್ರಾಂ ಇದೆ, ಈರುಳ್ಳಿಯಲ್ಲಿ 40 ಮಾತ್ರ ಅಲ್ವಾ ಎಂದು ನೀವು ಕೇಳಬಹುದು. ನಿಜ, ಊಟದಿಂದ ಅಷ್ಟು ಬರುವುದಿಲ್ಲ. ಆದರೆ ಅಷ್ಟು ಬೇಕೇ ಎಂಬುದು ನನ್ನ ಪ್ರಶ್ನೆ. ಡೆನ್ಮಾರ್ಕ್‌ನಲ್ಲಿ 56,048 ಜನರ ಊಟದ ವಿವರ ಬರೆದಿಟ್ಟು 23 ವರ್ಷ ಗಮನಿಸಿ 2019ರಲ್ಲಿ ಪ್ರಕಟಿಸಿದರು. ಎಲ್ಲ ಬಗೆಯ ಫ್ಲೇವನಾಯ್ಡ್ ಸೇರಿ ದಿನಕ್ಕೆ ಸುಮಾರು 500 ಮಿಲಿಗ್ರಾಂ ಊಟದಿಂದಲೇ ಪಡೆಯುತ್ತಿದ್ದವರಲ್ಲಿ ಸಾವಿನ ಪ್ರಮಾಣ ಕಡಿಮೆ ಇತ್ತು. ಅದರಾಚೆ ಇನ್ನಷ್ಟು ತಿಂದರೂ ಹೆಚ್ಚಿನ ಲಾಭ ಕಾಣಲಿಲ್ಲ. ಇದು ಗಮನಿಸಿದ ಅಧ್ಯಯನ ಮಾತ್ರ, ಕಾರಣ ಇದೇ ಎಂದು ಸಾಬೀತು ಮಾಡುವುದಿಲ್ಲ. ಆದರೆ ಆ 500ರಲ್ಲಿ ಟೀ, ಹಣ್ಣು, ತರಕಾರಿ ಎಲ್ಲ ಬಂತು.

ಡಬ್ಬಿಯಿಂದ ಕೊಟ್ಟು ನೋಡಿದ ದೊಡ್ಡ ಪ್ರಯೋಗವೂ ಇದೆ. ಕಾಸ್ಮೋಸ್ ಎಂಬ ಅಮೆರಿಕದ ಪ್ರಯೋಗದಲ್ಲಿ 21,442 ಹಿರಿಯರಲ್ಲಿ ಅರ್ಧದಷ್ಟು ಜನರಿಗೆ ದಿನಕ್ಕೆ 500 ಮಿಲಿಗ್ರಾಂ ಕೋಕೋ ಫ್ಲೇವನಾಲ್ ಎಂಬ ಫ್ಲೇವನಾಯ್ಡ್ ಕೊಟ್ಟರು. 2022ರಲ್ಲಿ ಫಲಿತಾಂಶ ಬಂತು. ಒಟ್ಟು ಹೃದಯ, ರಕ್ತನಾಳದ ಘಟನೆಗಳು ಖಚಿತವಾಗಿ ಕಡಿಮೆಯಾದವು ಎನ್ನುವಂತಿರಲಿಲ್ಲ. ಹೃದಯ ಕಾಯಿಲೆಯ ಸಾವು ಮಾತ್ರ ಶೇ. 27ರಷ್ಟು ಕಡಿಮೆ ಕಂಡಿತು. ಆಸೆ ಹುಟ್ಟಿಸುವ ಫಲಿತಾಂಶ, ಆದರೆ ಮುದಿತನ ತಡೆಯುತ್ತದೆ ಎಂದು ಡಬ್ಬಿಯ ಮೇಲೆ ಬರೆಯುವಷ್ಟಲ್ಲ.

ಕ್ವೆರ್ಸೆಟಿನ್ ಮುದಿ ಜೀವಕೋಶಗಳನ್ನು ಸಾಯಿಸುತ್ತದೆ ಎಂಬ ಮಾತೂ ಕೇಳಿಬರುತ್ತದೆ, ಅದು ಬೇರೆ ಕಡೆಯಿಂದ ಬಂದದ್ದು. ಅಲ್ಲಿ ಕ್ವೆರ್ಸೆಟಿನ್ ಜೊತೆ ಡಸಾಟಿನಿಬ್ ಎಂಬ ರಕ್ತದ ಕ್ಯಾನ್ಸರ್ ಔಷಧಿ ಇತ್ತು. ಮೊದಲು ಇಲಿಗಳಲ್ಲಿ ನೋಡಿದರು. 2019ರಲ್ಲಿ ಶ್ವಾಸಕೋಶ ಗಟ್ಟಿಯಾಗುವ ಕಾಯಿಲೆಯ 14 ರೋಗಿಗಳಿಗೆ ವಾರಕ್ಕೆ 3 ದಿನದಂತೆ 3 ವಾರ ಕೊಟ್ಟು ನೋಡಿದರು. ದಿನಾ ಒಂದು ಕ್ವೆರ್ಸೆಟಿನ್ ಕ್ಯಾಪ್ಸೂಲ್ ನುಂಗುವುದಕ್ಕೂ ಅದಕ್ಕೂ ಸಂಬಂಧವಿಲ್ಲ.

ವಾರ್ಫರಿನ್ ಇಲ್ಲದವರು, ಡಾಕ್ಟರನ್ನು ಕೇಳಿಯೂ ಕ್ಯಾಪ್ಸೂಲ್ ತೆಗೆದುಕೊಳ್ಳುವುದಾದರೆ ಮಧ್ಯಾಹ್ನ ಅಥವಾ ರಾತ್ರಿ ಊಟದ ನಡುವೆ ತೆಗೆದುಕೊಳ್ಳಿ. ದಿನಕ್ಕೆ ಒಂದು ಸಲ ಸಾಕು, ಒಮ್ಮೆ ರಕ್ತಕ್ಕೆ ಸೇರಿದರೆ ನಿಧಾನವಾಗಿ ಇಳಿಯುತ್ತದೆ. ಲೆಸಿಥಿನ್ ಎಂಬ ಕೊಬ್ಬಿನಲ್ಲಿ ಸುತ್ತಿದ ಕ್ವೆರ್ಸೆಟಿನ್ ಫೈಟೋಸೋಮ್ ಎಂಬ ಹೆಸರಲ್ಲಿ ಬರುತ್ತದೆ. 12 ಆರೋಗ್ಯವಂತರ ಮೇಲೆ ಮಾಡಿದ ಸಣ್ಣ ಅಧ್ಯಯನದಲ್ಲಿ ಇದರ ರಕ್ತದ ಮಟ್ಟ ಸಾದಾ ಕ್ವೆರ್ಸೆಟಿನ್‌ಗಿಂತ 20 ಪಟ್ಟಿನವರೆಗೆ ಏರಿತ್ತು. ಇದು ನಿಜವಾಗಿ ಕೆಲಸ ಮಾಡುವ ದಾರಿ. ಅದಕ್ಕೇ ಸಾದಾ ರೂಪದ ಡೋಸನ್ನೇ ಇದರಲ್ಲೂ ನುಂಗಬಾರದು. ಅನಾನಸ್ಸಿನ ಬ್ರೊಮೆಲೇನ್ ಎಂಬ ಕಿಣ್ವ ಸೇರಿಸಿದ್ದನ್ನೂ ಮಾರುತ್ತಾರೆ. ಹೀರಿಕೆ ಹೆಚ್ಚುತ್ತದೆ ಎನ್ನಲು ಗಟ್ಟಿ ಪುರಾವೆ ಇಲ್ಲ, ರಕ್ತ ತೆಳು ಮಾಡುವ ಮಾತ್ರೆ ಇರುವವರಿಗಂತೂ ಅದು ಬೇಡವೇ ಬೇಡ.

ಡಬ್ಬಿ ತಿರುಗಿಸಿ ಓದಿ. ಮುಂದೆ 1000 ಎಂದು ದೊಡ್ಡದಾಗಿ ಬರೆದು, ಹಿಂದೆ ಅದು ಎರಡು ಕ್ಯಾಪ್ಸೂಲಿನ ಲೆಕ್ಕ ಎಂದಿರಬಹುದು. ಡೈಹೈಡ್ರೇಟ್ ಎಂದಿದ್ದರೆ ನೀರಿನ ತೂಕವೂ ಸೇರಿದೆ, 500ರಲ್ಲಿ ಕ್ವೆರ್ಸೆಟಿನ್ ಸುಮಾರು 447 ಮಿಲಿಗ್ರಾಂ. ಇಲ್ಲಿ ಮಾರುವ ಡಬ್ಬಿಯ ಮೇಲೆ ನಮ್ಮ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐನ 14 ಅಂಕಿಯ ಪರವಾನಗಿ ಸಂಖ್ಯೆ ಇರಬೇಕು, ಔಷಧಿಯಾಗಿ ಬಳಸುವಂತಿಲ್ಲ ಎಂದೂ ಬರೆದಿರಬೇಕು.

ಗ್ರೀನ್ ಟೀ ಸತ್ವದ ಕ್ಯಾಪ್ಸೂಲ್ ಬಗ್ಗೆಯೂ ಇಲ್ಲೇ ಹೇಳಿಬಿಡುತ್ತೇನೆ. ಅದು ಖಾಲಿ ಹೊಟ್ಟೆಯಲ್ಲೇ ಜಾಸ್ತಿ ಹೀರಿಕೆಯಾಗುತ್ತದೆ. ಅಲ್ಲೇ ಅಪಾಯವೂ ಇದೆ. ಅದರ ಮುಖ್ಯ ಅಂಶವಾದ ಇಜಿಸಿಜಿ ದಿನಕ್ಕೆ 800 ಮಿಲಿಗ್ರಾಂ ಅಥವಾ ಅದಕ್ಕಿಂತ ಹೆಚ್ಚು ಕ್ಯಾಪ್ಸೂಲಿನಿಂದ ಹೋದರೆ ಲಿವರ್ ಕಿಣ್ವಗಳು ಏರುತ್ತವೆ ಎಂದು ಯುರೋಪಿನ ಆಹಾರ ಸುರಕ್ಷತಾ ಸಂಸ್ಥೆ 2018ರಲ್ಲಿ ಹೇಳಿದೆ. ಲೋಟದಲ್ಲಿ ಕುಡಿಯುವ ಟೀಗೆ ಈ ಭಯ ಬೇಡ.

ಇಷ್ಟು ಓದಿ ನೀವು ನಾಳೆಯಿಂದಲೇ ನುಗ್ಗೆ ಸೊಪ್ಪು ಶುರುಮಾಡಬೇಡಿ ಮೇಷ್ಟ್ರೇ. ನುಗ್ಗೆ ಸೊಪ್ಪಿನಲ್ಲಿ ಕ್ವೆರ್ಸೆಟಿನ್ ಚೆನ್ನಾಗಿದೆ, ನಿಜ. ಆದರೆ ಹಸಿರು ಸೊಪ್ಪಿನಲ್ಲಿ ವಿಟಮಿನ್ ಕೆ ಕೂಡ ಇದೆ. ಅದು ವಾರ್ಫರಿನ್‌ನ ಕೆಲಸ ತಗ್ಗಿಸುತ್ತದೆ. ಸೊಪ್ಪು ಬಿಡಬೇಕಿಲ್ಲ, ವಾರಕ್ಕೆ ಎಷ್ಟು ತಿನ್ನುತ್ತಿದ್ದಿರೋ ಅಷ್ಟನ್ನೇ ತಿನ್ನುತ್ತಿರಿ. ಒಂದು ವಾರ ದಿನಾ ಸೊಪ್ಪು, ಮುಂದಿನ ವಾರ ಏನೂ ಇಲ್ಲ ಎಂದಾಗಬಾರದು. ಊಟದ ಜೊತೆಗಿನ ಈರುಳ್ಳಿ ಎಂದಿನಂತೆ ನಡೆಯಲಿ.

ಕೊನೆಗೆ ನಿಮ್ಮ ಮನೆಯವರ ವಿಷಯ. ಅವರಿಗೆ ಕ್ಯಾಪ್ಸೂಲ್‌ಗಿಂತ ಮೊದಲು ಸರಿಹೋಗಬೇಕಾದದ್ದು ರಕ್ತ. ಕ್ವೆರ್ಸೆಟಿನ್ ಕಬ್ಬಿಣವನ್ನು ಹಿಡಿದುಕೊಳ್ಳುವ ಗುಣದ್ದು. ಟೀಯಲ್ಲಿರುವ ಪಾಲಿಫಿನಾಲ್ ಕೂಡ ಹಾಗೇ, ಕಬ್ಬಿಣ ಕರುಳಿನಿಂದ ಒಳಗೆ ಹೋಗದಂತೆ ತಡೆಯುತ್ತದೆ. ಅವರು ಕಬ್ಬಿಣದ ಮಾತ್ರೆಯನ್ನು ಟೀ ಜೊತೆ ನುಂಗುತ್ತಿದ್ದಾರೆಯೇ ಎಂದು ಮೊದಲು ವಿಚಾರಿಸಿ. ನುಂಗುತ್ತಿದ್ದರೆ ಎರಡರ ನಡುವೆ ಎರಡು ಗಂಟೆ ಅಂತರ ಇಡಲಿ, ಮಾತ್ರೆಗೆ ನಿಂಬೆಹಣ್ಣಿನ ನೀರು ಜೊತೆಯಾದರೆ ಒಳ್ಳೆಯದು. ಥೈರಾಯ್ಡ್ ಮಾತ್ರೆ ಬೆಳಿಗ್ಗೆ ಎದ್ದ ಕೂಡಲೇ ಬರೀ ನೀರಿನಲ್ಲಿ, ತಿಂಡಿ ಕಾಫಿಗೆ ಅರ್ಧದಿಂದ ಒಂದು ಗಂಟೆ ಮೊದಲು. ಅದಕ್ಕೂ ಕಬ್ಬಿಣದ ಮಾತ್ರೆಗೂ ನಾಲ್ಕು ಗಂಟೆಯಾದರೂ ಅಂತರ ಇರಲಿ. ಇದನ್ನು ಮೂರು ತಿಂಗಳು ತಪ್ಪದೆ ಪಾಲಿಸಿ, ಹಿಮೋಗ್ಲೋಬಿನ್ ಮತ್ತೆ ಪರೀಕ್ಷೆ ಮಾಡಿಸಿ, ಆ ಸಂಖ್ಯೆಯ ಜೊತೆ ನಿಮ್ಮ ಐಎನ್‌ಆರ್ ಎಷ್ಟು ಬಂತೆಂದೂ ನನಗೆ ಬರೆಯಿರಿ.